ಉಸಿರು ಕಾಣಬೇಕು: ‘ಲಾ ತ್ರಾವಿಯಾತಾ’ ಒಪೆರಾದ ನಾಲ್ಕು ಚಿತ್ರೀಕರಣಗಳಲ್ಲಿ ಕೊಳ್ಳಬೇಕಾದದ್ದು ಯಾವುದು?

ಮೈಸೂರಿನ ಸಂಗೀತ ಕಛೇರಿಗಳಲ್ಲಿ ಪಳಗಿದ ಕೇಳುಗರು ಮುಂದಿನ ಸಾಲಿನಲ್ಲೇ ಜಾಗ ಹಿಡಿಯುತ್ತಾರೆ. ಅಲ್ಲಿ ಕೂತರೆ ಹಾಡುವವರ ಕತ್ತಿನ ನರ ಉಬ್ಬುವುದು ಕಾಣುತ್ತದೆ. ತಾರಸ್ಥಾಯಿಗೆ ಏರುವ ಮುಂಚೆ ಎದೆ ಹಿಗ್ಗುವುದು, ಒಂದು ಸಂಗತಿ ಚೆನ್ನಾಗಿ ಬಿದ್ದಾಗ ಪಿಟೀಲಿನವರು ಕಣ್ಣಲ್ಲೇ ‘ಭಲೆ’ ಅನ್ನುವುದು ಕಾಣುತ್ತದೆ. ಕಂಡದ್ದು ಕೇಳಿದ್ದಕ್ಕೆ ಸೇರಿಕೊಳ್ಳುತ್ತದೆ. ಚಿತ್ರೀಕರಿಸಿದ ಒಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕವನ್ನು, ಅಳೆಯುವುದಕ್ಕೂ ಇದೇ ಅಳತೆಗೋಲು ಸಾಕು: ಕ್ಯಾಮೆರಾ ನಮ್ಮನ್ನು ಆ ಮುಂದಿನ ಸಾಲಿಗೆ ಕರೆದೊಯ್ದು ಹಾಡುವವರ ಉಸಿರು ಕಾಣಿಸುತ್ತದೆಯೇ, ಇಲ್ಲವೇ? ಸೆಟ್ಟು, ಬಟ್ಟೆ, ದೊಡ್ಡ ಹೆಸರು ಎಲ್ಲವೂ ಆಮೇಲಿನ ಮಾತು.

ಒಪೆರಾ ಅಂದರೆ ನಮಗೆ ದೂರದ್ದು ಎಂಬ ಅಳುಕು ಮೈಸೂರು, ಮಂಡ್ಯದ ಕಡೆಯವರಿಗೆ ಬೇಕಿಲ್ಲ. ಮಾತಿನ ಬದಲು ಹಾಡಿನಲ್ಲೇ ಕಥೆ ನಡೆಸುವ ಗೀತನಾಟಕಗಳನ್ನು ಮೇಲುಕೋಟೆಯ ಪು.ತಿ.ನ. ಕನ್ನಡದಲ್ಲೇ ಬರೆದಿದ್ದಾರೆ. ಒಂದು ಹಾಡಿಗೆ ಜನ ‘ಒನ್ಸ್ ಮೋರ್’ ಎಂದು ಕೂಗಿ, ಸಾಯುವ ದೃಶ್ಯದ ನಟರನ್ನೂ ಎಬ್ಬಿಸಿ ಮತ್ತೆ ಹಾಡಿಸಿದ ಕಂಪನಿ ನಾಟಕಗಳ ನೆನಪು ಹಳಬರಲ್ಲಿ ಇನ್ನೂ ಇದೆ. ಇಟಲಿಯ ಪ್ರೇಕ್ಷಕರು ‘ಬಿಸ್’ ಎಂದು ಕೂಗುವುದೂ ಅದೇ. ಜಯಚಾಮರಾಜ ಒಡೆಯರ್ ಅವರಂತೂ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು ಸೊಪ್ರಾನೊ (ಎತ್ತರದ ಸ್ಥಾಯಿಯ ಗಾಯಕಿ) ಕಿರ್ಸ್ಟನ್ ಫ್ಲಾಗ್‌ಸ್ಟಾಡ್ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಿದ್ದು ಒಡೆಯರ್ ಅವರ ನೆರವಿನಿಂದ.

ಈ ವಿಮರ್ಶೆಗೆ ಆರಿಸಿಕೊಂಡದ್ದು ಒಂದೇ ಒಪೆರಾ, ಇಟಲಿಯ ಸಂಗೀತ ರಚನಕಾರ ವೆರ್ಡಿಯ ‘ಲಾ ತ್ರಾವಿಯಾತಾ’. 1853ರ ಮಾರ್ಚ್ 6ರಂದು ವೆನಿಸ್ಸಿನ ಲಾ ಫೆನಿಚೆ ರಂಗಮಂದಿರದಲ್ಲಿ ಮೊದಲು ಆಡಿದ್ದು. ಕಥೆ ಎರಡು ಮಾತಿನಲ್ಲಿ ಹೇಳಬಹುದು. ಪ್ಯಾರಿಸ್ಸಿನ ಸಿರಿವಂತರ ಕೂಟಗಳ ಗಣಿಕೆ ವಿಯೊಲೆತ್ತಾ, ಕ್ಷಯ ಹಿಡಿದವಳು, ಆಲ್ಫ್ರೇದೊ ಎಂಬ ಹುಡುಗನ ಪ್ರೀತಿಗೆ ಸೋತು ಊರಾಚೆಯ ಮನೆಯಲ್ಲಿ ಅವನೊಂದಿಗೆ ಬಾಳುತ್ತಾಳೆ. ಅವನಿಲ್ಲದ ಹೊತ್ತಿನಲ್ಲಿ ಅವನ ತಂದೆ ಜೆರ್ಮೋಂ ಬಂದು, ನಿನ್ನಿಂದ ನನ್ನ ಮಗಳ ಮದುವೆ ಮುರಿಯುತ್ತದೆ, ಅವನನ್ನು ಬಿಟ್ಟುಬಿಡು ಎಂದು ಕೇಳುತ್ತಾನೆ. ಬಿಡುತ್ತಾಳೆ. ಕಾರಣ ತಿಳಿಯದ ಹುಡುಗ ತುಂಬಿದ ಕೂಟದಲ್ಲಿ ಅವಳ ಮುಂದೆ ಹಣ ಎಸೆದು ಅವಮಾನ ಮಾಡುತ್ತಾನೆ. ಸತ್ಯ ತಿಳಿದು ಅವನು ಓಡಿ ಬರುವ ಹೊತ್ತಿಗೆ ಅವಳ ಆಯುಸ್ಸು ಮುಗಿದಿರುತ್ತದೆ. ಮಗಳ ಮದುವೆ, ಮನೆತನದ ಮಾನ: ಆ ತಂದೆಯ ವಾದ ನಮ್ಮೂರಿನ ಯಾವ ಪ್ರೇಕ್ಷಕರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಒಪೆರಾದ ಚಿತ್ರೀಕರಣಗಳು ಬೇಕಾದಷ್ಟಿವೆ. ಅದರಲ್ಲಿ ನಾಲ್ಕನ್ನು ಎದುರುಬದುರು ಇಟ್ಟರೆ ಒಪೆರಾವನ್ನು ಕ್ಯಾಮೆರಾಕ್ಕೆ ಒಗ್ಗಿಸುವ ಬೇರೆಬೇರೆ ದಾರಿಗಳು ಸಿಗುತ್ತವೆ.

ಮೊದಲನೆಯದು 1982ರ ಸಿನಿಮಾ. ಫ್ರಾಂಕೊ ಜೆಫಿರೆಲ್ಲಿ ನಿರ್ದೇಶನ, ಹಾಡಿದವರು ತೆರೇಸಾ ಸ್ಟ್ರಾಟಾಸ್, ಪ್ಲಾಸಿಡೊ ಡೊಮಿಂಗೊ, ಕಾರ್ನೆಲ್ ಮ್ಯಾಕ್‌ನೀಲ್. ವಾದ್ಯವೃಂದ ನಡೆಸಿದವರು ಜೇಮ್ಸ್ ಲೆವೈನ್. ನಮ್ಮ ಸಿನಿಮಾ ಹಾಡುಗಳ ಹಾಗೆ ಇಲ್ಲೂ ಸಂಗೀತದ ರೆಕಾರ್ಡಿಂಗ್ ಮೊದಲು, ಶೂಟಿಂಗ್ ಆಮೇಲೆ. ಒಂದೇ ವ್ಯತ್ಯಾಸವೆಂದರೆ ಹಾಡಿದವರೇ ತೆರೆಯ ಮೇಲೂ ತುಟಿ ಆಡಿಸುತ್ತಾರೆ. ಮನೆಯ ಒಳಾಂಗಣ, ದೀಪ, ಕನ್ನಡಿ, ಪಿಯೆರೊ ತೋಸಿಯ ಉಡುಪು ಎಲ್ಲವೂ ಕಣ್ಣಿಗೆ ಹಬ್ಬ. ಕೂಟದ ಸ್ಪ್ಯಾನಿಷ್ ಕುಣಿತಕ್ಕೆ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ತಂಡದ ಎಕತೆರೀನಾ ಮಕ್ಸಿಮೊವಾ, ವ್ಲಾದಿಮಿರ್ ವಸಿಲಿಯೆವ್ ಬಂದಿದ್ದಾರೆ. ಸ್ಟ್ರಾಟಾಸ್ ಅವರ ಕಡ್ಡಿಯಂಥ ಮೈಕಟ್ಟು, ಗುಳಿಬಿದ್ದ ಕಣ್ಣು ಕ್ಷಯದ ಹೆಣ್ಣಿಗೆ ಹೇಳಿ ಮಾಡಿಸಿದಂತಿವೆ, ನಟನೆಯಲ್ಲಿ ಅವರಿಗೆ ಸಾಟಿ ಕಡಿಮೆ.

ಆದರೆ ಪ್ಲೇಬ್ಯಾಕಿನ ಬೆಲೆ ತೆತ್ತೇ ತೀರಬೇಕು. ಸೊಪ್ರಾನೊ ಒಬ್ಬರು ಮೇಲಿನ ಸ್ವರವನ್ನು ಪೂರ್ತಿ ದನಿಯಲ್ಲಿ ಹಾಡುವಾಗ ದವಡೆ ಕೆಳಗಿಳಿಯಲೇಬೇಕು. ಬಾಯೊಳಗಿನ ಅನುರಣನ ಸ್ವರದ ಎತ್ತರಕ್ಕೆ ಹೊಂದದಿದ್ದರೆ ದನಿ ಬಡಕಲಾಗುತ್ತದೆ. ಅದಕ್ಕಾಗಿ ಬಾಯಿ ಅಗಲಿಸಿ ಆ ಅನುರಣನವನ್ನು ಮೇಲಕ್ಕೆ ಎಳೆಯುತ್ತಾರೆ. ಮೇಲಿನ ಸ್ಥಾಯಿಯಲ್ಲಿ ಇ, ಉ, ಎ ಎಲ್ಲವೂ ‘ಆ’ದಂತೆ ಕೇಳಿಸಿ ಸಾಹಿತ್ಯ ಕರಗಿಹೋಗುವುದೂ ಇದರಿಂದಲೇ, ಇಟಲಿಯವರಿಗೂ ಅಲ್ಲಿ ಸಬ್‌ಟೈಟಲ್ ಬೇಕು. ಪ್ಲೇಬ್ಯಾಕಿಗೆ ತುಟಿ ಆಡಿಸುವಾಗ ದವಡೆಯ ಈ ದುಡಿಮೆ ಇಲ್ಲ. ಮುಖ ಸುಂದರವಾಗಿ ಉಳಿಯುತ್ತದೆ, ದನಿ ಮಾತ್ರ ಎಲ್ಲಿಂದಲೋ ಬಂದಂತೆ ಕೇಳುತ್ತದೆ. ಉಸಿರು ಎಳೆದುಕೊಳ್ಳುವ ಆ ಅರೆಕ್ಷಣವೂ ಮಾಯ. ಜೊತೆಗೆ ಪೂರ್ತಿ ಸಂಗೀತಕ್ಕೆ ಎರಡು ಗಂಟೆ ಮೀರಬೇಕು. ಈ ಸಿನಿಮಾ ಒಂದೂಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕತ್ತರಿ ಬಿದ್ದಿದೆ. ಕಥೆ ತಿಳಿಯಲು, ಮನೆಯ ಮಕ್ಕಳಿಗೆ ತೋರಿಸಲು ಒಳ್ಳೆಯ ಚಿತ್ರ. ಹಾಡುಗಾರಿಕೆ ಕಲಿಯುವವರಿಗೆ ಇಷ್ಟು ಸಾಲದು.

ಎರಡನೆಯದು 1994ರ ಡಿಸೆಂಬರಿನಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಮಂದಿರದಲ್ಲಿ ನಡೆದ ಪ್ರಯೋಗದ ಚಿತ್ರೀಕರಣ. ರಿಚರ್ಡ್ ಐರ್ ನಿರ್ದೇಶನ, ಬಾಬ್ ಕ್ರೌಲಿ ರಂಗಸಜ್ಜಿಕೆ. 82ರ ಹರೆಯದ ಜಾರ್ಜ್ ಷೋಲ್ಟಿ ಈ ಒಪೆರಾದ ರಂಗಪ್ರಯೋಗಕ್ಕೆ ವಾದ್ಯವೃಂದ ನಡೆಸಿದ್ದು ಅದೇ ಮೊದಲು, ವಿಯೊಲೆತ್ತಾ ಆಗಿದ್ದವರು 29ರ ಆಂಜೆಲಾ ಗೆಯೊರ್ಗಿಯು. ಆ ಪ್ರಯೋಗದ ಸುದ್ದಿ ಎಷ್ಟು ಹಬ್ಬಿತೆಂದರೆ ಬಿಬಿಸಿ ತನ್ನ ಎರಡನೇ ವಾಹಿನಿಯ ಅಂದಿನ ಕಾರ್ಯಕ್ರಮಗಳನ್ನೇ ತೆಗೆದು ನೇರಪ್ರಸಾರ ಮಾಡಿತು. ಶಾರೀರದ ಮಾಧುರ್ಯಕ್ಕೆ ನಾಲ್ಕರಲ್ಲಿ ಇದೇ ಮೇಲು. ಮಧ್ಯಸ್ಥಾಯಿಯಿಂದ ಮೇಲಕ್ಕೆ ಹೋಗುವಾಗ ಎಲ್ಲೂ ಕೊಂಡಿ ಕಾಣದ ದನಿ, ಬಿರ್ಕಾಗಳು (ವೇಗವಾಗಿ ಓಡುವ ಸ್ವರಗುಚ್ಛಗಳು) ಮಣಿ ಪೋಣಿಸಿದ ಹಾಗೆ. ಕ್ಯಾಮೆರಾ ಮಾತ್ರ ಸಾಧಾರಣ. ಇದ್ದದ್ದನ್ನು ಮರ್ಯಾದೆಯಿಂದ ದಾಖಲಿಸುತ್ತದೆ, ಅಷ್ಟೆ.

ಮೂರನೆಯದರ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. 2000ದ ಜೂನ್‌ನಲ್ಲಿ ಪ್ಯಾರಿಸ್ಸಿನ ನಿಜವಾದ ಬಂಗಲೆ, ತೋಟ, ಮನೆಗಳಲ್ಲೇ ಗಾಯಕರನ್ನು ನಿಲ್ಲಿಸಿ, ಜುಬಿನ್ ಮೆಹ್ತಾ ಅವರ ವಾದ್ಯವೃಂದವನ್ನು ಬೇರೊಂದು ಕಡೆ ಕೂರಿಸಿ, ಎರಡನ್ನೂ ಜೋಡಿಸಿ ನೇರಪ್ರಸಾರ ಮಾಡಿದ್ದು. ವಿತ್ತೋರಿಯೊ ಸ್ತೊರಾರೊ ಅವರ ಬೆಳಕು ನೋಡುವಂಥದ್ದು. 75 ದಾಟಿದ ರೊಲಾಂಡೊ ಪನೆರಾಯ್ ತಂದೆಯ ಪಾತ್ರದಲ್ಲಿ ಹಾಡುವ ಗತ್ತು ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ತೊಂದರೆ ಇರುವುದು ನಾದದಲ್ಲಿ. ದನಿ ಒಂದು ಕೋಣೆಯ ಗಾಳಿಯಲ್ಲಿ, ಪಿಟೀಲು ಇನ್ನೊಂದು ಕೋಣೆಯ ಗಾಳಿಯಲ್ಲಿ. ಕಿವಿಗೆ ಅವು ಒಂದೇ ಜಾಗದ್ದೆಂದು ಅನಿಸುವುದೇ ಇಲ್ಲ. ಒಪೆರಾದಲ್ಲಿ ದನಿ ವಾದ್ಯಗಳ ಮೇಲೆ ತೇಲಿ ಬರುವುದನ್ನು ಕೇಳುವುದೇ ಅರ್ಧ ಸುಖ. ಹತ್ತಾರು ವಾದ್ಯಗಳೆದುರು ಮೈಕಿಲ್ಲದೆ ಹಾಡುತ್ತಾರೆ. ಪಳಗಿದ ಕಂಠ, ಅದರಲ್ಲೂ ಗಂಡಸರದು, ತನ್ನ ಕಸುವನ್ನು 3000 ಹರ್ಟ್ಸ್ ಆಸುಪಾಸಿನಲ್ಲಿ ಒಟ್ಟುಗೂಡಿಸುತ್ತದೆ. ವಾದ್ಯವೃಂದದ ಅಬ್ಬರವೆಲ್ಲ 500 ಹರ್ಟ್ಸ್ ಸುತ್ತಮುತ್ತ ಇದ್ದು ಆ ಮೇಲಿನ ಜಾಗದಲ್ಲಿ ತೆಳುವಾಗಿರುತ್ತದೆ. ಆ ಸಂದಿಯಲ್ಲಿ ದನಿ ನುಗ್ಗಿ ಕೊನೆಯ ಸಾಲಿಗೆ ತಲುಪುತ್ತದೆ. ಇಬ್ಬರೂ ಒಂದೇ ಸಭಾಂಗಣದಲ್ಲಿದ್ದರೆ ಮಾತ್ರ ಈ ಹೋರಾಟ ಕಿವಿಗೆ ಬೀಳುತ್ತದೆ.

ಇನ್ನು ನಾಲ್ಕನೆಯದು, ಕೊಳ್ಳಲೇಬೇಕಾದದ್ದು: 2005ರ ಆಗಸ್ಟ್, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವ. ವಿಯೊಲೆತ್ತಾ ಅನ್ನಾ ನೆಟ್ರೆಬ್ಕೊ, ಆಲ್ಫ್ರೇದೊ ರೊಲಾಂಡೊ ವಿಯಾಸೋನ್, ತಂದೆ ಥಾಮಸ್ ಹ್ಯಾಂಪ್ಸನ್. ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ, ನಡೆಸಿದವರು ಕಾರ್ಲೊ ರಿಜ್ಜಿ. ರಂಗನಿರ್ದೇಶನ ವಿಲ್ಲಿ ಡೆಕರ್, ಸಜ್ಜಿಕೆ ವೋಲ್ಫ್‌ಗಾಂಗ್ ಗುಸ್ಮಾನ್, ಡಿಸ್ಕಿಗಾಗಿ ಚಿತ್ರೀಕರಿಸಿದವರು ಬ್ರಯಾನ್ ಲಾರ್ಜ್.

ಅಲ್ಲಿನ ದೊಡ್ಡ ರಂಗಮಂದಿರದ ರಂಗದ್ವಾರವೇ 30 ಮೀಟರ್ ಅಗಲ, ಹತ್ತಿರಹತ್ತಿರ ನೂರು ಅಡಿ. ಅಷ್ಟಗಲದ ಜಾಗದಲ್ಲಿ ಡೆಕರ್ ಬಹುಮಟ್ಟಿಗೆ ಏನನ್ನೂ ಇಟ್ಟಿಲ್ಲ. ಬಾಗಿದ ಒಂದು ಬಿಳಿ ಗೋಡೆ, ಕೆಂಪು ಸೋಫಾ, ಆಳೆತ್ತರ ಮೀರಿದ ಒಂದು ಗಡಿಯಾರ. ಒಟ್ಟಾಗಿ ಹಾಡುವ ಮೇಳದ ಹೆಂಗಸರಿಗೂ ಗಂಡಸರದೇ ಕಪ್ಪು ಸೂಟು. ಅವರ ನಡುವೆ ಕೆಂಪು ಗೌನಿನ ಒಬ್ಬಳೇ ಹೆಣ್ಣು. ಸಾಮಾನ್ಯವಾಗಿ ಕೊನೆಯಲ್ಲಿ ಬಂದು ನಾಡಿ ನೋಡಿ ಹೋಗುವ ಡಾಕ್ಟರ್ ಪಾತ್ರ ಇಲ್ಲಿ ಮುನ್ನುಡಿ ಸಂಗೀತದಿಂದಲೇ ಗಡಿಯಾರದ ಪಕ್ಕ ಕಾದು ಕೂತಿರುತ್ತಾನೆ. ಸಾವು ಯಾರೆಂದು ಯಾರೂ ಹೇಳಬೇಕಾಗಿಲ್ಲ.

ರಂಗದ ಮೇಲೆ ಸಾಮಾನು ಕಡಿಮೆಯಾದರೆ ಟಿ.ವಿ.ಗೆ ಲಾಭ. ಮೂವತ್ತು ಮೇಜು, ಐವತ್ತು ಮೇಣದಬತ್ತಿ ಇರುವ ಸಜ್ಜಿಕೆಯಲ್ಲಿ ಕ್ಯಾಮೆರಾ ಹಿಂದಕ್ಕೆ ಸರಿದ ಕೂಡಲೇ ಗಾಯಕರು ಕಳೆದುಹೋಗುತ್ತಾರೆ. ಅದಕ್ಕೇ ಮತ್ತೆ ಮುಖಕ್ಕೆ ನುಗ್ಗುತ್ತಾರೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಇಲ್ಲಿ ಬಿಳಿಯ ಮೇಲಿನ ಕೆಂಪು ಚುಕ್ಕೆ ಎಷ್ಟು ದೂರದಿಂದಲೂ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಲಾರ್ಜ್ ಅವಸರ ಮಾಡಬೇಕಾಗಿಲ್ಲ. ಒಪೆರಾ ಚಿತ್ರೀಕರಣದಲ್ಲಿ ಅತಿ ಹೆಚ್ಚು ಹಾಳಾಗುವುದು ಇಲ್ಲೇ: ಒಂದು ಸಾಲು ಉಸಿರಿನಿಂದ ಉಸಿರಿಗೆ ಒಂದೇ ಎಳೆ, ಅದರ ನಡುವೆ ಕ್ಯಾಮೆರಾ ಬದಲಾದರೆ ಆ ಎಳೆ ಕಡಿಯುತ್ತದೆ. ರಾಗಾಲಾಪನೆಯ ನಡುವೆ ಯಾರೋ ಎದ್ದು ಓಡಾಡಿದ ಹಾಗೆ. ಯಾವುದೇ ಒಪೆರಾ ಡಿಸ್ಕನ್ನು ಪರೀಕ್ಷಿಸಲು ಸುಲಭದ ದಾರಿ ಇದು. ಒಂದು ನಿಧಾನದ ಹಾಡು ಹಾಕಿ, ಕ್ಯಾಮೆರಾ ಬದಲಾದಾಗಲೆಲ್ಲ ಬೆರಳು ಮಡಚಿ. ಬೆರಳು ಮಡಚಿದ್ದು ಗಾಯಕರು ಉಸಿರು ತೆಗೆದುಕೊಂಡ ಜಾಗದಲ್ಲೇ ಬಿದ್ದರೆ ಚಿತ್ರೀಕರಿಸಿದವರಿಗೆ ಸ್ವರಲಿಪಿ ಓದಲು ಬರುತ್ತದೆ ಎಂದರ್ಥ. ಅಡ್ಡಾದಿಡ್ಡಿ ಬಿದ್ದರೆ ಆ ಡಿಸ್ಕನ್ನು ಕೆಳಗಿಡಿ.

ಹಾಡುಗಾರರ ಮಾತಿಗೆ ಬರೋಣ. ವಿಯೊಲೆತ್ತಾ ಪಾತ್ರಕ್ಕೆ ಮೂರು ಬಗೆಯ ಕಂಠ ಬೇಕು ಎಂಬ ಮಾತು ಹಳೆಯದು, ಮತ್ತು ಸರಿಯಾದದ್ದು. ಮೊದಲ ಅಂಕದ ‘ಸೆಂಪ್ರೆ ಲಿಬೇರಾ’ (ಸದಾ ಸ್ವತಂತ್ರಳು ನಾನು) ಬಿರ್ಕಾಗಳ ಸುರಿಮಳೆ, ಹಗುರ ದನಿಯ ಕೆಲಸ. ಎರಡನೇ ಅಂಕಕ್ಕೆ ವಾದ್ಯಗಳ ಭಾರ ಹೊರುವ ತುಂಬು ದನಿ. ಮೂರಕ್ಕೆ ದನಿಯೇ ಇಲ್ಲದಂತೆ ಹಾಡುವ ಎದೆಗಾರಿಕೆ. ‘ಸೆಂಪ್ರೆ ಲಿಬೇರಾ’ದ ಕೊನೆಯಲ್ಲಿ ಹಲವರು ತಾರಸ್ಥಾಯಿಯ ಇನ್ನೂ ಮೇಲೆ ಹಾರಿ ಒಂದು ಸ್ವರ ಹಿಡಿಯುತ್ತಾರೆ. ಅದು ವೆರ್ಡಿ ಬರೆದದ್ದಲ್ಲ, ರೂಢಿಯಲ್ಲಿ ಸೇರಿದ್ದು. ಆ ಒಂದು ಸ್ವರ ಬಂತೋ ಇಲ್ಲವೋ ಎಂದಷ್ಟೇ ಗಾಯಕಿಯನ್ನು ಅಳೆಯುವುದು ತೀರ ಅನ್ಯಾಯ. ಆ ಹಾಡಿನಲ್ಲಿ ನೋಡಬೇಕಾದದ್ದು ಬೇರೆ: ಹೊರಗಿನಿಂದ ಆಲ್ಫ್ರೇದೊನ ದನಿ ತೇಲಿ ಬಂದಾಗ ಅವಳ ಮುಖದಲ್ಲಿ ಏನಾಗುತ್ತದೆ? ನೆಟ್ರೆಬ್ಕೊ ಅಲ್ಲಿ ಬೆಚ್ಚುತ್ತಾರೆ, ಆ ಬೆಚ್ಚು ಮುಂದಿನ ಸಾಲಿನ ದನಿಯಲ್ಲಿ ಉಳಿದಿರುತ್ತದೆ. ಅವರ ಬಿರ್ಕಾ ಗೆಯೊರ್ಗಿಯು ಅವರಷ್ಟು ನಿಖರವಿಲ್ಲ, ಅಲ್ಲಲ್ಲಿ ಅಂಚು ಮಸುಕು. ಆದರೆ ಸುಖದ ಹಿಂದೆ ಓಡುವ ಹೆಣ್ಣಿನ ದಣಿವು ಆ ಓಟದಲ್ಲಿ ಇದೆ.

ಈ ಡಿಸ್ಕಿನ ತಿರುಳು ಎರಡನೇ ಅಂಕದ ಮೊದಲ ದೃಶ್ಯ. ಊರಾಚೆಯ ಮನೆಯ ಸುಖಕ್ಕೆ ಡೆಕರ್ ಸೋಫಾಗಳಿಗೆಲ್ಲ ಹೂಬಟ್ಟೆ ಹೊದಿಸಿದ್ದಾರೆ. ಜೆರ್ಮೋಂ ಬರುತ್ತಾನೆ. ಅಲ್ಲಿಂದ ಸುಮಾರು ಕಾಲು ಗಂಟೆ ಇಬ್ಬರೇ. ಒಬ್ಬ ಬ್ಯಾರಿಟೋನ್ (ನಡುಮಟ್ಟದ ಗಂಡುದನಿಯ ಗಾಯಕ) ಮತ್ತು ಒಬ್ಬ ಸೊಪ್ರಾನೊ ಎದುರುಬದುರು ನಿಂತು ಹಾಡಿಹೋಗುವ ಜಾಗವಾಗಿ ಇದನ್ನು ಎಷ್ಟೋ ಕಡೆ ಕೆಡಿಸುತ್ತಾರೆ. ಇದು ಕೇಳಿಸಿಕೊಳ್ಳುವುದರ ದೃಶ್ಯ. ಹ್ಯಾಂಪ್ಸನ್ ಹಾಡುತ್ತಿರುವಾಗ ನೆಟ್ರೆಬ್ಕೊ ಅವರನ್ನು ನೋಡಿ. ಮಗಳಿದ್ದಾಳೆ ಎಂಬ ಮಾತು ಬಂದಾಗ ಒಂದು ಕಡೆ, ಕೆಲವು ದಿನ ದೂರವಿರಬೇಕೇನೋ ಎಂದುಕೊಂಡಾಗ ಒಂದು ಕಡೆ, ‘ಶಾಶ್ವತವಾಗಿ’ ಎಂದು ತಿಳಿದಾಗ ಇನ್ನೊಂದು ಕಡೆ, ಮುಖ ಮೂರು ಸಲ ಬದಲಾಗುತ್ತದೆ. ಒಂದೂ ಅತಿಯಲ್ಲ. ಕೊನೆಗೆ ‘ದೀತೆ ಆಲ್ಲಾ ಜೋವಿನೆ’ (ಹೇಳಿ ಆ ಹುಡುಗಿಗೆ) ಶುರುವಾಗುವ ಮುಂಚಿನ ಮೌನ. ಸ್ವರ ಹುಟ್ಟುವ ಮೊದಲೇ ನಿರ್ಧಾರ ಹುಟ್ಟಿರುವುದು ಎದೆಯ ಏರಿಳಿತದಲ್ಲೇ ಕಾಣುತ್ತದೆ. ಹಾಡದ ಹೊತ್ತಿನಲ್ಲಿ ಗಾಯಕರು ಏನು ಮಾಡುತ್ತಾರೆ ಎಂಬುದರಲ್ಲೇ ಅವರು ನೆನಪಿನಲ್ಲಿ ಉಳಿಯುವುದು, ಬಿಡುವುದು ನಿಂತಿದೆ. ಕಳಪೆ ಪ್ರಯೋಗಗಳಲ್ಲಿ ಎದುರಿನವರು ಹಾಡುವಾಗ ಕಣ್ಣು ಮೆಲ್ಲಗೆ ಪಕ್ಕದ ಮಾನಿಟರಿಗೆ ಜಾರಿ ವಾದ್ಯವೃಂದ ನಡೆಸುವವರ ಕೈಯನ್ನು ಹುಡುಕುತ್ತಿರುತ್ತದೆ. ಕ್ಯಾಮೆರಾ ಅದನ್ನು ಮುಚ್ಚಿಡುವುದಿಲ್ಲ.

1964ರ ಫೆಬ್ರುವರಿ 9ರಂದು ಕೋವೆಂಟ್ ಗಾರ್ಡನ್‌ನಲ್ಲಿ ಕಪ್ಪುಬಿಳುಪಿನಲ್ಲಿ ಹಿಡಿದಿಟ್ಟ, ಪುಚ್ಚೀನಿಯ ‘ತೋಸ್ಕಾ’ ಒಪೆರಾದ ಎರಡನೇ ಅಂಕವೂ ಇದಕ್ಕೆ ಸಾಕ್ಷಿ. ಮರಿಯಾ ಕಲಾಸ್ ಅವರ ಕಂಠ ಆ ಹೊತ್ತಿಗೆ ಸವೆದಿತ್ತು. ಮೇಲಿನ ಸ್ವರಗಳು ಅಲುಗುತ್ತವೆ. ಆದರೂ ತಿತೊ ಗೊಬ್ಬಿ ಅವರ ಎದುರು ಅವರು ಮಾತಿಲ್ಲದೆ ನಿಂತ ಕ್ಷಣಗಳಿಗಾಗಿ ಆ ತುಣುಕನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ.

ಮತ್ತೆ ಸಾಲ್ಜ್‌ಬರ್ಗಿಗೆ ಬಂದರೆ, ಜೆರ್ಮೋಂ ಹೋದ ಮೇಲೆ ವಿಯೊಲೆತ್ತಾ ಹಾಡುವ ‘ಆಮಾಮಿ ಆಲ್ಫ್ರೇದೊ’ವನ್ನು ಹತ್ತಿರದಿಂದ ನೋಡಬೇಕು. ‘ನನ್ನನ್ನು ಪ್ರೀತಿಸು ಆಲ್ಫ್ರೇದೊ, ನಾನು ನಿನ್ನನ್ನು ಪ್ರೀತಿಸುವಷ್ಟು’ ಎಂಬುದಷ್ಟೇ ಸಾಹಿತ್ಯ. ಅವಳು ಬಿಟ್ಟು ಹೊರಟಿದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲ. ತಂತಿವಾದ್ಯಗಳು ಒಳಗೊಳಗೇ ನಡುಗುತ್ತ ಏರುತ್ತವೆ, ಏರಿ ಏರಿ ಒಮ್ಮೆಲೇ ಈ ಸಾಲು ಒಡೆದು ಹೊರಬರುತ್ತದೆ. ಒಪೆರಾ ಶುರುವಾಗುವಾಗ ಮುನ್ನುಡಿಯಲ್ಲಿ ಕೇಳಿದ ಧಾಟಿಯೇ ಇದು. ಅಲ್ಲಿ ಮೆಲ್ಲಗೆ ನುಡಿದದ್ದು ಇಲ್ಲಿ ಕೂಗಾಗಿದೆ. ಇಡೀ ಹಾಡು ಒಂದು ನಿಮಿಷವೂ ಇಲ್ಲ. ಇದಕ್ಕೆ ಮುಂಚಿನ ಅಳುಕಿನ ಮಾತುಗಳಲ್ಲೇ ಉಸಿರು ಖರ್ಚು ಮಾಡಿಕೊಂಡರೆ ‘ಆಮಾಮಿ’ ಬರುವ ಹೊತ್ತಿಗೆ ದನಿ ಒಣಗಿರುತ್ತದೆ, ಆಗ ಗಾಯಕಿಯರು ಕಿರುಚುತ್ತಾರೆ. ನೆಟ್ರೆಬ್ಕೊ ಅದುವರೆಗಿನ ಸಾಲುಗಳನ್ನು ಅರೆದನಿಯಲ್ಲಿ ಹಿಡಿದು, ಪೂರ್ತಿ ಎದೆಯನ್ನು ಈ ಸಾಲಿಗೆ ಉಳಿಸಿಕೊಳ್ಳುತ್ತಾರೆ. ದನಿಯಲ್ಲಿ ಕರ್ಕಶವಿಲ್ಲ. ಬಾಯಿ ಪೂರ್ತಿ ತೆರೆದಿದೆ, ಮುಖ ಚಂದ ಕಾಣಬೇಕೆಂಬ ಹಂಬಲವೇ ಅಲ್ಲಿಲ್ಲ. 1982ರ ಸಿನಿಮಾದಲ್ಲಿ ಸಿಗದದ್ದು ಇದೇ.

ವಿಯಾಸೋನ್ ಬಗ್ಗೆ ಅಭಿಪ್ರಾಯಗಳು ಒಡೆಯುತ್ತವೆ. ಅವರು ಪ್ರತಿ ಸಾಲನ್ನೂ ಕೊನೆಯ ಸಾಲೆಂಬಂತೆ ಹಾಡುತ್ತಾರೆ, ಹುಬ್ಬು ಒಂದು ಕ್ಷಣ ಸುಮ್ಮನಿರುವುದಿಲ್ಲ. ರಂಗಮಂದಿರದ ಹಿಂದಿನ ಸಾಲಿಗೆ ಅದು ಸರಿಯಾಗಿ ತಲುಪುತ್ತದೆ, ಟಿ.ವಿ.ಯ ನಿಕಟ ನೋಟದಲ್ಲಿ ಒಂದಿಷ್ಟು ಹೆಚ್ಚಾಗುತ್ತದೆ. ಹಾಗಿದ್ದರೂ ಕೂಟದಲ್ಲಿ ಹಣ ಎಸೆದ ಮೇಲಿನ ಅವರ ಕುಸಿತ ನಂಬುವಂತಿದೆ. ಹ್ಯಾಂಪ್ಸನ್ ಅವರ ದನಿ ಇಟಾಲಿಯನ್ ಬ್ಯಾರಿಟೋನ್‌ಗಳ ದಪ್ಪ ದನಿಯಲ್ಲ. ಒಣ, ಕಟ್ಟುನಿಟ್ಟು, ಹೈಸ್ಕೂಲು ಹೆಡ್‌ಮಾಸ್ಟರರ ಹಾಗೆ. ಪಾತ್ರಕ್ಕೆ ಅದು ಒಗ್ಗಿದೆ. ತಂದೆ ಹಾಡುವ ‘ದಿ ಪ್ರೊವೆನ್ಸಾ’ವನ್ನು ಮಾತ್ರ ಲಿಯೊ ನೂಚಿ ಅವರ ಬಾಯಲ್ಲಿ, ಅಂದರೆ 1994ರ ಡಿಸ್ಕಿನಲ್ಲಿ ಕೇಳುವುದು ಮೇಲು.

ಮೂರನೇ ಅಂಕದ ಪತ್ರದ ಜಾಗ ಯಾವ ವಿಯೊಲೆತ್ತಾಗೂ ಅಗ್ನಿಪರೀಕ್ಷೆ. ಹಾಡುವ ಹಾಗಿಲ್ಲ, ಓದಬೇಕು. ಪ್ರೀತಿ ಹುಟ್ಟಿದ ರಾತ್ರಿಯ ಧಾಟಿಯನ್ನು ಪಿಟೀಲು ಮೆಲ್ಲಗೆ ನುಡಿಸುತ್ತಿರುತ್ತದೆ, ಅದರ ಮೇಲೆ ಜೆರ್ಮೋಂನ ಪತ್ರ: ‘ತೆನೆಸ್ತೆ ಲಾ ಪ್ರೊಮೆಸ್ಸಾ’, ನೀವು ಮಾತು ಉಳಿಸಿಕೊಂಡಿರಿ. ತಗ್ಗಿದ ದನಿಯಲ್ಲಿ, ಸ್ವರವಿಲ್ಲದೆ, ಆದರೆ ಕಾಲಪ್ರಮಾಣ ಬಿಡದೆ ಓದಬೇಕೆಂದು ವೆರ್ಡಿಯ ಸೂಚನೆ ಇದೆ. ಈ ಕೊನೆಯ ಷರತ್ತನ್ನೇ ಹೆಚ್ಚಿನವರು ಮರೆಯುತ್ತಾರೆ. ಅಳುತ್ತ, ನಿಲ್ಲಿಸುತ್ತ ಓದಿ ಪಿಟೀಲಿನಿಂದ ಕಳಚಿಕೊಳ್ಳುತ್ತಾರೆ. ಪತ್ರ ಮುಗಿದು ‘ಎ ತಾರ್ದಿ’, ತಡವಾಯಿತು, ಎಂಬ ಎರಡೇ ಪದ ಗೋರಿಯೊಳಗಿಂದ ಬಂದಂತೆ. ಸ್ಟ್ರಾಟಾಸ್ ಈ ಜಾಗದಲ್ಲಿ ಎಲ್ಲರಿಗಿಂತ ಮೇಲು, ಇಲ್ಲಿ ಮಾತೇ ಇರುವುದರಿಂದ ಪ್ಲೇಬ್ಯಾಕಿನ ತೊಡಕೂ ಅಡ್ಡಬರುವುದಿಲ್ಲ. ಆಮೇಲಿನ ‘ಅದ್ದಿಯೊ ದೆಲ್ ಪಸ್ಸಾತೊ’ ಹಾಡಿನ ಕೊನೆಯ ಮೇಲುಸ್ವರವನ್ನು ದನಿಯ ಒಂದು ನೂಲಿನಂತೆ ಹಿಡಿಯಬೇಕೆಂದು ವೆರ್ಡಿ ಬರೆದಿದ್ದಾರೆ. ದೊಡ್ಡ ದನಿ ತೆಗೆಯುವುದು ಸುಲಭ, ಮೇಲಿನ ಸ್ವರವನ್ನು ನೂಲಾಗಿ ಉಳಿಸುವುದಕ್ಕೆ ಹೊಟ್ಟೆಯ ಸ್ನಾಯುಗಳ ಹಿಡಿತ ಬೇಕು. ಸ್ವರ ಬಿರಿಯುವ ಭಯವಿದ್ದೂ ಗಟ್ಟಿ ದನಿಗೆ ಓಡಿಹೋಗದವರನ್ನು ಮೆಚ್ಚಬೇಕು. ಈ ಹಾಡಿಗೆ ಗೆಯೊರ್ಗಿಯು.

ಸಾಲ್ಜ್‌ಬರ್ಗ್ ಡಿಸ್ಕಿನ ಕೊರತೆಗಳನ್ನೂ ಹೇಳಬೇಕು. ಮೇಳ ಒಟ್ಟಿಗೆ ಓಡುವಾಗ ಕಾಲಿನ ಸದ್ದು ಸಂಗೀತದ ಮೇಲೆ ಬೀಳುತ್ತದೆ. ಗಾಯಕರು ಸೋಫಾದ ಮೇಲೆ ಹತ್ತಿ, ಇಳಿದು, ಮಲಗಿ ಹಾಡುವುದರಿಂದ ದನಿಯ ದೂರ ಹತ್ತಿರ ಆಗಾಗ ಬದಲಾಗುತ್ತದೆ. 1850ರ ಪ್ಯಾರಿಸ್ಸಿನ ಗೌನು, ತೂಗುದೀಪ ನೋಡಲೆಂದೇ ಕೂತವರಿಗೆ ಬಿಳಿ ಗೋಡೆ ನಿರಾಸೆ ತರುತ್ತದೆ. ಅಂಥವರು 1994ರದ್ದನ್ನು ಕೊಳ್ಳಲಿ. ರಿಜ್ಜಿ ಅವರ ಕಾಲಪ್ರಮಾಣ ಷೋಲ್ಟಿ ಅವರದ್ದರಷ್ಟು ಬಿಗಿಯಿಲ್ಲ.

ಮನೆಯಲ್ಲಿ ಹಾಕುವ ಮುಂಚೆ ಒಂದಿಷ್ಟು ಸಿದ್ಧತೆ ಬೇಕು. ಒಪೆರಾ ಹಿಡಿಸಲಿಲ್ಲ ಎನ್ನುವ ಅರ್ಧ ಜನಕ್ಕೆ ತೊಂದರೆ ಕೊಟ್ಟದ್ದು ಟಿ.ವಿ.ಯ ಸೆಟ್ಟಿಂಗೇ ಇರಬಹುದು. ಡಿಸ್ಕಿನ ಹಿಂಬದಿಯಲ್ಲಿ ವಲಯದ ಸಂಖ್ಯೆ ನೋಡಿ: ಡಿವಿಡಿಗೆ ಭಾರತದ್ದು 5, ‘0’ ಅಥವಾ ‘ಆಲ್’ ಎಂದಿದ್ದರೆ ಎಲ್ಲ ಪ್ಲೇಯರಿನಲ್ಲೂ ಓಡುತ್ತದೆ. ಸೌಂಡ್‌ಬಾರನ್ನು ಬ್ಲೂಟೂತಿನಲ್ಲಿ ಜೋಡಿಸಬೇಡಿ, ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಕಾಲು ಭಾಗದವರೆಗೆ ತಡವಾಗಬಹುದು. ಎಚ್‌ಡಿಎಂಐ ಅಥವಾ ಆಪ್ಟಿಕಲ್ ತಂತಿಯಲ್ಲೇ ಜೋಡಿಸಿ. ತುಟಿಗೂ ಸದ್ದಿಗೂ ಹೊಂದಿದೆಯೇ ಎಂದು ತಿಳಿಯಲು ಪವರ್ಗದ ಅಕ್ಷರಗಳಿಗಿಂತ ಒಳ್ಳೆಯ ಅಳತೆ ಇಲ್ಲ. ‘ಆಮಾಮಿ’ ಎನ್ನುವಾಗ ಎರಡು ಸಲ ತುಟಿ ಮುಚ್ಚಬೇಕು, ಮುಚ್ಚಿದ ಕ್ಷಣದಲ್ಲೇ ‘ಮ’ ಕೇಳಬೇಕು.

ಟಿ.ವಿ.ಯಲ್ಲಿ ನೈಟ್ ಮೋಡ್, ವಾಯ್ಸ್ ಬೂಸ್ಟ್ ಇಂಥವನ್ನೆಲ್ಲ ಆಫ್ ಮಾಡಿ. ಇವು ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಆಗ ನೂಲಿನಂಥ ಆ ಕೊನೆಯ ಸ್ವರವೂ ‘ಆಮಾಮಿ’ಯೂ ಒಂದೇ ಗಾತ್ರವಾಗುತ್ತವೆ. ಚಲನೆಯನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗನ್ನೂ ತೆಗೆಯಿರಿ. ವಾಲ್ಯೂಮ್ ಇಡಬೇಕಾದದ್ದು ಮುನ್ನುಡಿಯ ಮೊದಲ ಸಾಲಿಗೆ: ಹಲವು ಭಾಗವಾಗಿ ಹಂಚಿಕೊಂಡ ಪಿಟೀಲುಗಳು ತೀರ ಮೆಲ್ಲಗೆ ನುಡಿಯುತ್ತವೆ. ಅದು ಸ್ಪಷ್ಟವಾಗಿ, ಆದರೆ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಇಟ್ಟು, ಆಮೇಲೆ ರಿಮೋಟು ಮುಟ್ಟಬೇಡಿ. ಕೂಟದ ಹಾಡು ಬಂದಾಗ ಜೋರಾಗುತ್ತದೆ, ಆಗಲಿ. ಪಕ್ಕದ ಮನೆಯವರಿಗೆ ತೊಂದರೆ ಆಗದ ಹೊತ್ತು ಆರಿಸಿಕೊಂಡರೆ ಆಯಿತು.

ಹೊಸ ಬಡಾವಣೆಗಳ ಆರ್‌ಸಿಸಿ ಹಾಲಿನಲ್ಲಿ, ಟೈಲ್ಸ್ ನೆಲದಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ. ಒಂದು ಚಪ್ಪಾಳೆ ತಟ್ಟಿ ನೋಡಿ, ಝಣ್ ಎಂದು ಉಳಿದರೆ ನೆಲಕ್ಕೆ ಜಮಖಾನ ಹಾಸಿ, ಸ್ಪೀಕರಿನ ಎದುರು ಗೋಡೆಗೆ ದಪ್ಪ ಪರದೆ ಇಳಿಬಿಡಿ. ಹಳೆಯ ಅಗ್ರಹಾರದ ಹೆಂಚಿನ ಮನೆಗಳಲ್ಲಿ ಈ ಕಾಟ ಕಡಿಮೆ. ಎರಡು ಸ್ಪೀಕರುಗಳ ನಡುವಿನ ಅಂತರ ಆರೇಳು ಅಡಿ ಇದ್ದರೆ ಕೂರುವುದೂ ಅಷ್ಟೇ ದೂರದಲ್ಲಿ, ಸ್ಪೀಕರು ಕಿವಿಯ ಮಟ್ಟದಲ್ಲಿ.

ಸಬ್‌ಟೈಟಲ್ ಓದುತ್ತ ಕೂತರೆ ಕಣ್ಣು ತೆರೆಯ ಬುಡದಲ್ಲೇ ಉಳಿದು ಮುಖ ತಪ್ಪಿಹೋಗುತ್ತದೆ. ಪ್ರತಿ ಅಂಕಕ್ಕೂ ಐದಾರು ಸಾಲಿನ ಸಾರಾಂಶವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು, ಮೊದಲು ಅದನ್ನು ಓದಿ, ಆಮೇಲೆ ಸಬ್‌ಟೈಟಲ್ ಆಫ್ ಮಾಡಿ ನೋಡುವುದು ಒಳ್ಳೆಯದು. ಜೆರ್ಮೋಂ ಮತ್ತು ವಿಯೊಲೆತ್ತಾರ ಕಾಲು ಗಂಟೆಗೆ ಮಾತ್ರ ಒಮ್ಮೆ ಸಬ್‌ಟೈಟಲ್ ಇಟ್ಟು, ಒಮ್ಮೆ ಇಲ್ಲದೆ, ಎರಡು ಸಲ ನೋಡಿ. ಸಂಘ ಸಂಸ್ಥೆಗಳು ಹತ್ತಾರು ಜನರನ್ನು ಸೇರಿಸಿ ತೋರಿಸುವುದಾದರೆ, ಮನೆ ಬಳಕೆಗೆ ಕೊಂಡ ಡಿಸ್ಕಿಗೆ ಸಾರ್ವಜನಿಕ ಪ್ರದರ್ಶನದ ಹಕ್ಕು ಸೇರಿರುವುದಿಲ್ಲ. ಮೊದಲೇ ಅನುಮತಿ ಪಡೆಯಬೇಕು.

ಒಪೆರಾ ಎಂದರೇನೆಂದೇ ಗೊತ್ತಿಲ್ಲದವರನ್ನು ಕೂರಿಸುವಾಗ ಮೊದಲ ಅಂಕದಿಂದ ಶುರು ಮಾಡುವುದು ಬೇಡ. ಕಥೆ ಹೇಳಿ, ನೇರ ಜೆರ್ಮೋಂ ಬಾಗಿಲಿಗೆ ಬರುವಲ್ಲಿಂದ ‘ಆಮಾಮಿ’ ಮುಗಿಯುವ ತನಕ ಹಾಕಿ. ಸುಮಾರು 20 ನಿಮಿಷ. ಆಮೇಲೆ ಡಿಸ್ಕ್ ನಿಲ್ಲಿಸಿ ಕಾಫಿಗೆ ಏಳಿ. ಮುಂದೆ ಏನಾಯಿತು ಎಂದು ಅವರೇ ಕೇಳಿದರೆ ಮುನ್ನುಡಿಗೆ ಹಿಂದಿರುಗಿ, ಆ ಧಾಟಿ ಬಂದಾಗ ಅವರ ಮುಖ ನೋಡಿ.